ಮುಚ್ಚಿದ ಮುಡಿ, ಕೊಟ್ಟ ಮುಡಿ

ಕೇಳುಗರಿಗೆ ನಮಸ್ಕಾರ.

ಮದುವೆಯಾದ ಹೆಣ್ಣು ಪರರೆದುರು ತಲೆಗೂದಲನ್ನು ಮುಚ್ಚಿಕೊಳ್ಳಬೇಕು, ಮೊಣಕೈ, ಮೊಣಕಾಲು, ಕೊರಳೆಲುಬು ಕಾಣದಂತೆ ಉಡಬೇಕು ಎಂಬುದು ಸಂಪ್ರದಾಯನಿಷ್ಠ ಯೆಹೂದಿಗಳ ನಡಾವಳಿ. ಇದಕ್ಕೆ ಅವರು ತ್ಸ್ನಿಯುತ್ ಎನ್ನುತ್ತಾರೆ. ದೇವರೊಡನೆ ವಿನಯದಿಂದ ನಡೆ ಎಂದು ಪ್ರವಾದಿ ಮೀಕನು ಹೇಳುವಲ್ಲಿಯೂ ಇದೇ ಧಾತುವಿನ ಪದವಿರುವುದರಿಂದ, ಇದನ್ನು ಬರಿಯ ಬಟ್ಟೆಯ ಅಳತೆಯೆಂದು ತಿಳಿಯಲಾಗದು.

ಹಾಗೆಂದು ಈ ಹೆಂಗಸರು ಫ್ಯಾಷನ್ನಿಗೆ ಬೆನ್ನು ತಿರುಗಿಸಿದವರಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಹೊಸ ಉಡುಪಿನ ಕತ್ತು ಅಗಲವಾಗಿದ್ದರೆ ಒಳಗೆ ‘ಶೆಲ್’ ಎಂಬ ಮೈಗಂಟುವ ಅಂಗಿಯನ್ನು ತೊಡುತ್ತಾರೆ. ಸ್ಕರ್ಟಿನ ಸೀಳನ್ನು ಹೊಲಿಸುತ್ತಾರೆ. ಕುಳಿತಾಗಲೂ ಮೊಣಕಾಲು ಮುಚ್ಚಿರಬೇಕಾದ್ದರಿಂದ ಕುಳಿತೇ ಅಳತೆ ನೋಡಬೇಕಾಗುತ್ತದೆ.

ನಿಜವಾದ ಬಿಕ್ಕಟ್ಟು ಇರುವುದು ಕೂದಲಿನಲ್ಲಿ. ಯಿದ್ದಿಷ್ ಭಾಷೆಯಲ್ಲಿ ಶೈಟಲ್ ಎನ್ನಿಸಿಕೊಳ್ಳುವ ವಿಗ್ಗನ್ನು ತೊಟ್ಟರೆ ಸ್ವಂತ ಕೂದಲು ಮುಚ್ಚುತ್ತದೆ. ಆದರೆ ಆ ವಿಗ್ಗೇ ಸ್ವಂತ ಕೂದಲಿಗಿಂತ ಚೆಲುವಾಗಿದ್ದರೆ? ಲುಬಾವಿಚ್ ಪಂಥದ ಗುರು ಮೆನಾಖೆಮ್ ಮೆಂಡೆಲ್ ಶ್ನೇರ್ಸನ್ ವಿಗ್ಗನ್ನೇ ಪ್ರೋತ್ಸಾಹಿಸಿದರು; ಇಸ್ರೇಲಿನ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಓವಾಡಿಯಾ ಯೋಸೆಫ್ ಅದನ್ನು ಬಲವಾಗಿ ವಿರೋಧಿಸಿ ತಲೆವಸ್ತ್ರವೇ ಸರಿ ಎಂದರು. ಇಬ್ಬರೂ ಶಾಸ್ತ್ರ ಬಲ್ಲವರೇ.

2004ರಲ್ಲಿ ಈ ವಾದ ನಮ್ಮ ತಿರುಮಲೆಯ ಬೆಟ್ಟ ಹತ್ತಿತು. ಕನ್ನಡ ನಾಡಿನಿಂದಲೂ ಎಷ್ಟೋ ಮನೆಯವರು ಹರಕೆ ಹೊತ್ತು ಅಲ್ಲಿಗೆ ಹೋಗಿ ಮುಡಿ ಕೊಟ್ಟು ಬರುತ್ತಾರಷ್ಟೆ. ಆ ಕೂದಲು ಹರಾಜಾಗಿ ವಿಗ್ ತಯಾರಕರ ಕೈಸೇರುತ್ತದೆ. ಅನ್ಯದೇವರಿಗೆ ಅರ್ಪಿಸಿದ ವಸ್ತುವಿನಿಂದ ಯಾವ ಪ್ರಯೋಜನವನ್ನೂ ಪಡೆಯಬಾರದೆಂದು ಯೆಹೂದಿ ಶಾಸ್ತ್ರ ಹೇಳುತ್ತದೆ. ಹಾಗಾದರೆ ಮುಡಿ ಕೊಡುವುದೇ ಅರ್ಪಣೆಯೋ, ಅಥವಾ ದರ್ಶನಕ್ಕೆ ಮುನ್ನ ಮಾಡುವ ಶುದ್ಧಿಯಷ್ಟೆಯೋ? ಇದನ್ನು ಕಣ್ಣಾರೆ ನೋಡಿ ವರದಿ ಕೊಡಲು ಲಂಡನ್ನಿನಿಂದ ರಬ್ಬಿಯೊಬ್ಬರು ತಿರುಮಲೆಗೇ ಬಂದರು. ಜೆರುಸಲೇಮಿನ ರಬ್ಬಿ ಯೋಸೆಫ್ ಶಾಲೋಮ್ ಎಲ್ಯಾಶಿವ್ ಅದು ಅರ್ಪಣೆಯೇ ಎಂದು ತೀರ್ಪಿತ್ತಾಗ, ಬ್ರೂಕ್ಲಿನ್ ಮತ್ತು ಜೆರುಸಲೇಮಿನ ಬೀದಿಗಳಲ್ಲಿ ದುಬಾರಿ ವಿಗ್ಗುಗಳು ಸುಟ್ಟುಹೋದವು. ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ನಾಶಮಾಡಬೇಕು ಎಂಬುದೇ ಅಲ್ಲಿಯ ನಿಯಮ.

ಒಬ್ಬಳು ಭಕ್ತಿಯಿಂದ ಕೊಟ್ಟದ್ದನ್ನು ಇನ್ನೊಬ್ಬಳು ಭಕ್ತಿಯಿಂದಲೇ ಸುಡಬೇಕಾಗಿ ಬಂದ ಈ ಸಂಗತಿ ನನ್ನನ್ನು ಬಹಳ ಕಾಡಿದೆ. ಆ ತೀರ್ಪನ್ನು ಒಪ್ಪದ ಪಂಡಿತರೂ ಇದ್ದರು. ಆದರೂ ಅಂದಿನಿಂದ ವಿಗ್ಗಿಗೂ ‘ಕೋಷರ್’, ಅಂದರೆ ಯೆಹೂದಿ ಶಾಸ್ತ್ರಕ್ಕೆ ಸಮ್ಮತ, ಎಂಬ ಪ್ರಮಾಣಪತ್ರ ಬಂದಿತು. ಬಣ್ಣ, ಉದ್ದಗಳ ಜೊತೆಗೆ ಈ ಕೂದಲು ಎಲ್ಲಿಯದೆಂಬುದನ್ನೂ ಕೇಳಿಯೇ ಅನೇಕರು ಅದನ್ನು ತಲೆಗೇರಿಸುತ್ತಾರೆ.