ಟಾನಿಕ್ ಕೇಳಬೇಡಿ

ಕೇಳುಗರಿಗೆ ನಮಸ್ಕಾರ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಅನ್ನುವ ಮೆದುಳು, ಬೆನ್ನುಹುರಿಯ ಕಾಯಿಲೆ ಇರುವವರ ಮನೆಯವರು ನನ್ನನ್ನು ಕೇಳುವುದು ಒಂದೇ. 'ಡಾಕ್ಟ್ರೇ, ನರ ವೀಕ್ ಆಗಿದೆ, ಟಾನಿಕ್ ಬರೆದುಕೊಡಿ.' ನರ ವೀಕ್ ಆಗಿಲ್ಲ. ನರದ ಹೊದಿಕೆ ಹೋಗಿದೆ. ಕಿತ್ತವರು ರೋಗಾಣುಗಳಿಂದ ನಮ್ಮನ್ನು ಕಾಯುವ ನಮ್ಮದೇ ಕಾವಲು ಕೋಶಗಳು, ಅಂದರೆ ಬಿಳಿ ರಕ್ತಕಣಗಳು. ಇವತ್ತು ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು.

ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇರುತ್ತದೆ, ಅಲ್ವಾ? ನರದ ಎಳೆಗೆ ಮಯಲಿನ್ ಅನ್ನುವ ಕೊಬ್ಬಿನ ಪೊರೆ, ಬ್ಯಾಂಡೇಜಿನ ಹಾಗೆ ಸುತ್ತಿನ ಮೇಲೆ ಸುತ್ತು. ಅದಿದ್ದರೆ ದಪ್ಪ ಎಳೆಗಳಲ್ಲಿ ಸಂದೇಶ ಸೆಕೆಂಡಿಗೆ 100 ಮೀಟರ್‌ವರೆಗೂ ಓಡುತ್ತದೆ. ಪೊರೆ ಹರಿದ ಕಡೆ ತೆವಳುತ್ತದೆ, ಇಲ್ಲವೇ ನಿಂತೇಬಿಡುತ್ತದೆ.

ಕಿತ್ತವರು ಯಾರೆಂದು ಗೊತ್ತಾದ ಕಥೆ ನನಗೆ ತುಂಬ ಇಷ್ಟ. 1885ರಲ್ಲಿ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟರು. ಸೋಂಕು ತಗಲಿದ ಮೊಲದ ಬೆನ್ನುಹುರಿ ಒಣಗಿಸಿ ಮಾಡಿದ್ದು. ಎಷ್ಟೋ ಜನ ಬದುಕಿದರು. ಆದರೆ ಅಪರೂಪಕ್ಕೆ ಒಬ್ಬೊಬ್ಬರಿಗೆ, ಲಸಿಕೆ ಹಾಕಿಸಿಕೊಂಡ ಮೇಲೆ ಕಾಲು ಸ್ವಾಧೀನ ತಪ್ಪುತ್ತಿತ್ತು. ಲಸಿಕೆಯಲ್ಲಿದ್ದ ವೈರಸ್ಸೇ ಕಾರಣವೇ, ಇಲ್ಲ ಅದರ ಜೊತೆಗಿದ್ದ ಮೊಲದ ನರವೇ? 1930ರ ದಶಕದಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಥಾಮಸ್ ರಿವರ್ಸ್ ಒಂದು ಕೆಲಸ ಮಾಡಿದರು. ಆರೋಗ್ಯವಾಗಿದ್ದ ಮೊಲದ ಮೆದುಳನ್ನು ಅರೆದು ಕೋತಿಗಳಿಗೆ ಚುಚ್ಚಿದರು. ಒಂದೆರಡು ಸಲ ಅಲ್ಲ, ತಿಂಗಳುಗಟ್ಟಲೆ. ಎಂಥ ತಾಳ್ಮೆ ನೋಡಿ! ಕೆಲವು ಕೋತಿಗಳು ತೂರಾಡತೊಡಗಿದವು. ಮೆದುಳು ಕೊಯ್ದು ನೋಡಿದರೆ, ಸಣ್ಣ ರಕ್ತನಾಳಗಳ ಸುತ್ತ ಬಿಳಿ ರಕ್ತಕಣ ಮುತ್ತಿವೆ. ಅಲ್ಲೇ ಮಯಲಿನ್ ಮಾಯ. ವೈರಸ್ ಇರಲೇ ಇಲ್ಲ! ಮೊಲದ ನರವನ್ನು ವೈರಿ ಅಂದುಕೊಂಡ ಕಾವಲು ಪಡೆ, ಸ್ವಂತ ನರದ ಮೇಲೇ ಬಿದ್ದಿತ್ತು.

ಅಯ್ಯೋ, ಗಡಿಯಾರ ಓಡುತ್ತಿದೆ. ಬೇಗ ಹೇಳುತ್ತೇನೆ. ಎಂ.ಎಸ್.ನಲ್ಲಿ ಟಿ ಕೋಶಗಳು ಅನ್ನುವ ಬಿಳಿ ರಕ್ತಕಣಗಳು ರಕ್ತನಾಳದ ಗೋಡೆ ದಾಟಿ ಮೆದುಳಿಗೆ ನುಗ್ಗುತ್ತವೆ, ಉಳಿದವರನ್ನು ಕೂಗಿ ಕರೆಯುತ್ತವೆ. ಬಿ ಕೋಶಗಳು ಅನ್ನುವ ಇನ್ನೊಂದು ಬಗೆಯವೂ ಕೈಜೋಡಿಸುತ್ತವೆ. ಸುಲಿಯುವ ಕೆಲಸ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳದ್ದು. ಸೂಕ್ಷ್ಮದರ್ಶಕದಲ್ಲಿ ಅವುಗಳ ಹೊಟ್ಟೆ ತುಂಬ ಕೊಬ್ಬಿನ ಹನಿ, ಸೋಪಿನ ನೊರೆಯ ಹಾಗೆ. ಅದು ನುಂಗಿದ ಮಯಲಿನ್! ಕೈಕಾಲಿನ ನರಗಳಲ್ಲಿ ಇಂಥದ್ದೇ ಆದರೆ ಅದು ಗಿಯಾನ್-ಬಾರೆ ಅನ್ನುವ ಬೇರೆ ಕಾಯಿಲೆ.

ಹಾಗಾಗಿ ಔಷಧಿ ಕೊಡುವುದು ನರಕ್ಕಲ್ಲ, ಕಾವಲಿನವರನ್ನು ತಡೆಯಲು. ನಟಾಲಿಜುಮಾಬ್ ಅನ್ನುವ ಔಷಧಿ ಟಿ ಕೋಶಗಳಿಗೆ ಮೆದುಳಿನ ಬಾಗಿಲನ್ನೇ ಮುಚ್ಚುತ್ತದೆ. ಬೇಗ ಶುರು ಮಾಡಬೇಕು. ಬರಿಮೈಯಲ್ಲಿ ಬಹಳ ದಿನ ಉಳಿದ ಎಳೆ ಸಾಯುತ್ತದೆ. ಆಮೇಲೆ ಟಾನಿಕ್ ಕುಡಿದು ಏನು ಮಾಡುತ್ತೀರಿ?

ಪೊರೆ ಮತ್ತೆ ಬೆಳೆಯುತ್ತದಾ ಅಂತ ಕೇಳುತ್ತಾರೆ. ಸ್ವಲ್ಪ ಬೆಳೆಯುತ್ತದೆ, ಮೊದಲಿಗಿಂತ ತೆಳುವಾಗಿ. ಅದರ ಬಗ್ಗೆ ಹೇಳಲು ಇನ್ನೊಂದು ಅರ್ಧ ಗಂಟೆ ಬೇಕು. ನಮಸ್ಕಾರ.