ಫೋನ್ ಬಂದಿಲ್ಲ, ಹಾಗಾದರೆ ಲೈನ್ ಬಂದ್ ಆಗಿದೆಯೇ?

ಕೇಳುಗರಿಗೆಲ್ಲ ನಮಸ್ಕಾರ.

ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಮರದಿಂದ ಬಿದ್ದ ಅಂತ ಸುದ್ದಿ ಬಂತೆಂದರೆ ಶಿರಸಿ ಪೇಟೆಯ ಚಾ ಅಂಗಡಿಯಲ್ಲಿ ಅದರ ತನಿಖೆ ಅಲ್ಲೇ ಮುಗಿಯುತ್ತದೆ. "ಮರ ಜಾರ್ತಿತ್ತು, ಗೊತ್ತಿದ್ದೂ ಹತ್ತಿದ." "ಗಡಿಬಿಡಿ ಮಾಡ್ಕಂಡ." "ಅವಂಗೆ ಮೊದಲಿಂದ್ಲೂ ಧೈರ್ಯ ಸ್ವಲ್ಪ ಜಾಸ್ತಿಯೇ." ಲೋಟ ಕೆಳಗಿಡುವಷ್ಟರಲ್ಲಿ ತೀರ್ಪೂ ಆಗಿರುತ್ತದೆ: ತಪ್ಪು ಬಿದ್ದವನದು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಾತ್ರ ನಾವು ಹೀಗೆ ಮಾತಾಡಲಿಲ್ಲ. ಹೆದ್ದಾರಿ ಬದಿಯಲ್ಲಿ ಚಾ ಕುಡಿಯಲು ಲಾರಿ ನಿಲ್ಲಿಸಿದವನನ್ನು ಅಲ್ಯಾಕೆ ನಿಲ್ಲಿಸಿದೆ ಎಂದು ಯಾರೂ ಬೈಯಲಿಲ್ಲ. ರಸ್ತೆ ಅಗಲ ಮಾಡುವಾಗ ಗುಡ್ಡ ಕಡಿದದ್ದು ಹೇಗೆ, ನೀರು ಇಳಿದುಹೋಗಲು ದಾರಿ ಇತ್ತೇ, ಅಂಥ ಮಳೆಯಲ್ಲಿ ವಾಹನ ಬಿಟ್ಟದ್ದು ಯಾಕೆ ಎಂದೇ ಜಿಲ್ಲೆಯೆಲ್ಲ ಕೇಳಿತು. ಲಾರಿ ಓಡಿಸುವವನಿಗೆ ರಸ್ತೆಯೇ ಕೆಲಸದ ಜಾಗ. ಅವನ ವಿಷಯದಲ್ಲಿ ತಾನಾಗಿ ಬಾಯಿಗೆ ಬಂದ ಪ್ರಶ್ನೆಗಳು ಕೊನೆಗೌಡನ ವಿಷಯಕ್ಕೆ, ಬೋಟಿನ ಖಲಾಸಿಯ ವಿಷಯಕ್ಕೆ ಯಾಕೆ ಬರುವುದಿಲ್ಲ?

ಇದಕ್ಕೆ ಒಂದು ಹಳೆಯ ಕಾರಣವೂ ಇದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಚ್ ಎಂಬವರು 1931ರಲ್ಲಿ, ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ನಡತೆಯೇ ಕಾರಣ ಎಂದು ಬರೆದರು. ಅವರ ಕೈಯಲ್ಲಿದ್ದದ್ದು ಹೆಚ್ಚಾಗಿ ಮೇಲ್ವಿಚಾರಕರೂ ಮಾಲೀಕರೂ ಬರೆದುಕೊಟ್ಟ ವರದಿಗಳು. ತನ್ನ ತಪ್ಪನ್ನು ತಾನೇ ಬರೆದುಕೊಡುವ ಮೇಲ್ವಿಚಾರಕನನ್ನು ನೀವು ಕಂಡಿದ್ದರೆ ಹೇಳಿ. ಆದರೂ ಆ 88 ದಶಕಗಳ ಕಾಲ ಕಾರ್ಖಾನೆಗಳ ಗೋಡೆಯಿಂದ ಇಳಿಯಲಿಲ್ಲ.

ಆಮೇಲೆ ಬಂದ ಸಂಶೋಧಕರು ಬೇರೆ ದಾರಿ ಹಿಡಿದರು. ಡೆನ್ಮಾರ್ಕಿನ ಜೆನ್ಸ್ ರಾಸ್ಮುಸೆನ್, ಅಮೆರಿಕದ ನ್ಯಾನ್ಸಿ ಲೆವೆಸನ್ ಇವರಲ್ಲಿ ಮುಖ್ಯರು. ಅವರ ಮಾತಿನ ತಿರುಳು ಇಷ್ಟು: ಕೊನೆಯ ಕೈ ಯಾರದು ಎಂದು ಹುಡುಕಬೇಡಿ, ಆ ಕೈಗೆ ಆ ಕೆಲಸ ಆ ಹೊತ್ತಿನಲ್ಲಿ ಸರಿ ಅನ್ನಿಸುವಂತೆ ಮಾಡಿದ ಏರ್ಪಾಡನ್ನು ನೋಡಿ. ಇದನ್ನೇ ಸಿಸ್ಟಮ್ಸ್ ಥಿಂಕಿಂಗ್ ಅನ್ನುತ್ತಾರೆ.

ನಾವು ಕರಾವಳಿಯವರು, ಹಡಗಿನ ಕತೆಯೇ ನಮಗೆ ಬೇಗ ತಿಳಿಯುತ್ತದೆ. 1987ರ ಮಾರ್ಚ್ 6ರ ಸಂಜೆ ಬೆಲ್ಜಿಯಂನ ಝೀಬ್ರುಗ್ ಬಂದರಿನಿಂದ ಇಂಗ್ಲೆಂಡಿಗೆ ಹೊರಟ 'ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್' ಎಂಬ ಹಡಗು ಬಂದರು ದಾಟಿದ ಕೆಲವೇ ನಿಮಿಷದಲ್ಲಿ ಮಗುಚಿತು. 193 ಜನ ಸತ್ತರು. ಕಾರು, ಲಾರಿ ಒಳಗೆ ಹೋಗುವ ಮುಂದಿನ ಬಾಗಿಲು ತೆರೆದೇ ಇತ್ತು. ಅದನ್ನು ಹಾಕಬೇಕಾದ ಕೆಲಸಗಾರ ತನ್ನ ಕೋಣೆಯಲ್ಲಿ ನಿದ್ದೆ ಹೋಗಿದ್ದ.

ಚಾ ಅಂಗಡಿಯ ತನಿಖೆ ಇಲ್ಲಿಗೆ ಮುಗಿಯುತ್ತಿತ್ತು. ಅಲ್ಲಿ ವಿಚಾರಣೆ ಮುಂದುವರಿಯಿತು. ಬಾಗಿಲು ಹಾಕಿದೆಯೋ ಎಂದು ನೋಡಬೇಕಾದ ಅಧಿಕಾರಿ ಹೊರಡುವ ಹೊತ್ತಿಗೆ ಮೇಲೆ ಚಾಲನಾ ಕೋಣೆಯಲ್ಲೂ ಇರಬೇಕಿತ್ತು. ಒಬ್ಬನೇ ಮನುಷ್ಯ, ಎರಡು ಜಾಗ. ಬೇಗ ಹೊರಡಿ ಎಂದು ಕಂಪನಿಯ ಒತ್ತಾಯ ಬೇರೆ. ವಾಹನ ಹತ್ತಿಸುವ ಆ ಬಂದರಿನ ಇಳಿಜಾರು ಈ ಹಡಗಿಗೆ ಸರಿಹೊಂದದ ಕಾರಣ ಮುಂಭಾಗಕ್ಕೆ ನೀರು ತುಂಬಿ ಹಡಗಿನ ಮೂತಿ ತಗ್ಗಿಸಿದ್ದರು. ಇನ್ನು ಕ್ಯಾಪ್ಟನ್: ಅವನು ನಿಲ್ಲುವಲ್ಲಿಂದ ಬಾಗಿಲು ಕಾಣದು. ಬಾಗಿಲು ಹಾಕಿದೆ ಎಂದು ತೋರಿಸುವ ಒಂದು ದೀಪ ಬೇಕು ಎಂದು ಅದೇ ಕಂಪನಿಯ ಹಡಗುಗಳ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು, ಮೇಲಿನವರು ತಳ್ಳಿಹಾಕಿದ್ದರು. ಬಾಗಿಲು ತೆರೆದಿದೆ ಎಂದು ಯಾರೂ ಬಂದು ಹೇಳಲಿಲ್ಲ, ಆದ್ದರಿಂದ ಹಾಕಿದೆ ಎಂದು ಕ್ಯಾಪ್ಟನ್ ತಿಳಿದ. ಅದೇ ಅಲ್ಲಿನ ರೂಢಿ. ಸುದ್ದಿ ಬರಲಿಲ್ಲವೆಂದರೆ ಎಲ್ಲ ಸರಿ.

ಈ ರೂಢಿ ನಮ್ಮ ತೋಟಕ್ಕೂ ಬಂದಿದೆ. ಅದನ್ನೇ ಇವತ್ತು ಸ್ವಲ್ಪ ಹತ್ತಿರದಿಂದ ನೋಡೋಣ.

ಮರ ಹತ್ತುವವರು ಕಡಿಮೆಯಾದರು, ದೋಟಿ ಎಂಬ ಉದ್ದನೆಯ ಕೋಲು ಬಂತು. ಕಾರ್ಬನ್ ಫೈಬರ್ ದೋಟಿ ಹಗುರ, ಉದ್ದ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಔಷಧಿ ಹೊಡೆಯಬಹುದು. ಬೀಳುವ ಭಯ ಹೋಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು, ನಾನೂ ಸಂತೋಷಪಟ್ಟವನೇ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ಕಿನ ಹಾಗಿದ್ದರೂ ಆ ವಿಷಯದಲ್ಲಿ ಅದು ಅಲ್ಯೂಮಿನಿಯಂ ಕೊಳವೆಯ ಜಾತಿಯೇ. ಒಂದು ಅಪಾಯ ಮರದಿಂದ ಇಳಿಯಿತು, ಇನ್ನೊಂದು ತಂತಿಯ ಮೇಲೆ ಕೂತಿತು.

ಈಗ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನ ನೆನಪು ಮಾಡಿಕೊಳ್ಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಡ್ರಮ್ಮಿನಲ್ಲಿ ಬೋರ್ಡೋ ದ್ರಾವಣ ತಯಾರಿದೆ. ಮೊದಲ ಸಲದ್ದು ಹೊಡೆದು ಒಂದೂವರೆ ತಿಂಗಳಾಯಿತು, ಮಳೆ ಬಿಡುತ್ತಿಲ್ಲ. ಒಂದು ಬೆಳಗ್ಗೆ ಮಳೆ ನಿಂತು ಹೊಳವಾಗುತ್ತದೆ. ನಿಮ್ಮ ತೋಟಕ್ಕೆ ಮಾತ್ರ ಹೊಳವಾಗುತ್ತದೆಯೇ? ಇಡೀ ಸೀಮೆಗೆ ಒಟ್ಟಿಗೇ. ದೋಟಿಯ ತಂಡಕ್ಕೆ ಆ ಬೆಳಗ್ಗೆ ಐದು ಮನೆಯಿಂದ ಫೋನು. ತಂಡದವನು ಕುತ್ತಿಗೆ ಹಿಂದಕ್ಕೆ ಚೆಲ್ಲಿ ಸೋಗೆಯ ಸಂದಿಯಲ್ಲಿ ಬೆಳ್ಳಗಿನ ಆಕಾಶ ನೋಡುತ್ತ ನಿಂತಿದ್ದಾನೆ. ಕೈ ಒದ್ದೆ, ದೋಟಿ ಒದ್ದೆ, ಕಾಲಡಿಯ ಮಣ್ಣು ಒದ್ದೆ. ಆ ಬೆಳಕಿನಲ್ಲಿ ತಂತಿ ಕಾಣುವುದೇ ಇಲ್ಲ.

ಮನೆಯವರು ಲೈನ್‌ಮನ್ನಿಗೆ ಫೋನ್ ಮಾಡಿರುತ್ತಾರೆ. ಅವನೂ ಪಾಪ, ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದ ಕಡೆ ಕಂಬ ಹತ್ತಿರುತ್ತಾನೆ. "ಆಯ್ತು, ಬಂದ್ ಮಾಡ್ಸ್ತೆ" ಅನ್ನುತ್ತಾನೆ. ಅರ್ಧ ಗಂಟೆ ಕಾಯುತ್ತಾರೆ. ಮನೆಯಲ್ಲಿ ಫ್ಯಾನು ನಿಂತಿತು ನೋಡಿ, ಸರಿ, ಶುರು ಮಾಡಿ. ಫ್ಯಾನು ನಿಂತದ್ದು ಆ ಮಾತಿಗೋ, ಬೇರೆಲ್ಲೋ ಕೊಂಬೆ ಬಿದ್ದದ್ದಕ್ಕೋ? ಮನೆಯ ಲೈನೂ ತೋಟದ ಮೇಲೆ ಹಾದುಹೋಗುವ 11 ಕೆವಿ, ಅಂದರೆ ಹನ್ನೊಂದು ಸಾವಿರ ವೋಲ್ಟಿನ, ಲೈನೂ ಒಂದೇ ಕಡೆ ಬಂದ್ ಆಗುತ್ತವೆಯೇ? ಮನೆಗೆ ಹೋಗುವ ಲೈನನ್ನು ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಬಂದ್ ಮಾಡಿದರೂ, ಆಚೆಮನೆಯ ಜನರೇಟರನ್ನು ಲೈನಿನಿಂದ ಬೇರ್ಪಡಿಸುವ ಸರಿಯಾದ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಕರೆಂಟು ಅದೇ ತಂತಿಗೆ ಹಿಂದಿನಿಂದ ಬರಬಹುದು. ದೋಟಿ ಹಿಡಿದವನಿಗೆ ಇದ್ಯಾವುದೂ ಕಾಣದು. ಆ ಕ್ಯಾಪ್ಟನ್ನಿಗೆ ಬಾಗಿಲು ಕಾಣದಂತೆಯೇ.

ರಾಸ್ಮುಸೆನ್ 1997ರಲ್ಲಿ ಹೇಳಿದ್ದು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಖರ್ಚು ಉಳಿಸು ಎಂದು ಒಂದು ಕಡೆಯಿಂದ, ಶ್ರಮ ಉಳಿಸು ಎಂದು ಇನ್ನೊಂದು ಕಡೆಯಿಂದ ಕೆಲಸವನ್ನು ದಿನವೂ ತಳ್ಳುತ್ತಿರುತ್ತಾರೆ. ಅದು ಅಪಾಯದ ಅಂಚಿನ ಕಡೆಗೆ ನಿಧಾನ ಸರಿಯುತ್ತದೆ. ಖರ್ಚು ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ, ದಣಿವು ಮೈಗೆ ಗೊತ್ತಾಗುತ್ತದೆ, ಅಂಚು ಮಾತ್ರ ಯಾರಿಗೂ ಕಾಣುವುದಿಲ್ಲ. ಹೋದ ವರ್ಷ ಏನೂ ಆಗಲಿಲ್ಲ ಎಂಬುದೇ ಈ ವರ್ಷದ ಧೈರ್ಯ.

ಇನ್ನು ಕಡಲ ಕಡೆ ಒಂದು ಮಾತು. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿರುವಾಗ ಮೀನು ತುಂಬುವ ಒಳಕೋಣೆಯನ್ನು ತೊಳೆಯಲು ಇಳಿಯುತ್ತಾರೆ. ತಳದಲ್ಲಿ ಮೀನು, ಕೊಳೆನೀರು ಉಳಿದಿದ್ದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಜಾಸ್ತಿಯಾದಾಗ ಮೂಗೇ ಸತ್ತುಹೋಗಿ ವಾಸನೆ ನಿಂತಂತಾಗುತ್ತದೆ. ವಾಸನೆ ಹೋಯಿತು, ಇಳಿಯಬಹುದು ಅಂದುಕೊಂಡವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಹಾರಿದವನೂ ಬರುವುದಿಲ್ಲ. ಘಟ್ಟದ ಮೇಲಿನ ಗೋಬರ್ ಗ್ಯಾಸ್ ಗುಂಡಿಗೂ ಇದೇ ಮಾತು.

ಹಾಗಾದರೆ ಮಾಡುವುದೇನು? ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ತೆಗೆದುಕೊಳ್ಳುವುದು, ಎಚ್ಚರಿಕೆಯಿಂದಿರಿ ಎಂದು ಬೋರ್ಡು ಹಾಕುವುದು, ಇವನ್ನು ಬೇಡ ಅನ್ನುವುದಿಲ್ಲ. ಆದರೆ ಕಾಣದ ತಂತಿಯನ್ನು ಬೋರ್ಡು ಕಾಣಿಸುವುದಿಲ್ಲ. ಹಡಗಿನ ದುರಂತದ ಮೇಲೆ ಬಾಗಿಲಿನ ದೀಪ ಬಂತಲ್ಲ, ಅಂಥದ್ದು ಬೇಕು. ಬಂದ್ ಮಾಡಿ ಎಂದು ಹೇಳಿದರೆ ಸಾಲದು. ಬಂದ್ ಮಾಡಿದವರೇ ತಿರುಗಿ ಫೋನ್ ಮಾಡಿ, ಯಾವ ಲೈನು, ಎಷ್ಟು ಹೊತ್ತಿನವರೆಗೆ ಎಂದು ಹೇಳಬೇಕು. ಆ ಫೋನ್ ಬಾರದೆ ದೋಟಿ ನೆಲದಿಂದ ಏಳಬಾರದು. ಕೆಲಸ ಮುಗಿಯಿತು, ದೋಟಿ ಕೆಳಗಿದೆ ಎಂದು ತೋಟದಿಂದ ಮಾತು ಹೋಗದೆ ಅಲ್ಲಿ ಸ್ವಿಚ್ ಮೇಲೇಳಬಾರದು.

ಕಾಯುವ ಹೊತ್ತಿಗೂ ಮಜೂರಿ ಸಿಗಬೇಕು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇದೇ, ಮತ್ತು ನಮ್ಮ ತೋಟಿಗರಿಗೆ ಹಿಡಿಸದ್ದೂ ಇದೇ. ಮರದ ಲೆಕ್ಕದಲ್ಲೋ ಕೊನೆಯ ಲೆಕ್ಕದಲ್ಲೋ ದುಡ್ಡು ಕೊಟ್ಟು, ಸಾವಕಾಶ ಮಾಡೋ ಅಂದರೆ ಅವನು ಯಾವ ಮಾತು ಕೇಳಬೇಕು, ನಮ್ಮ ಬಾಯಿಯದೋ, ನಮ್ಮ ಪಾಕೀಟಿನದೋ?

ಅಮೆರಿಕದಲ್ಲಿ ವಿಮಾನದ ಪೈಲಟ್‌ಗಳು ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು 1976ರಿಂದ ಗುಟ್ಟಾಗಿ ನಾಸಾ ಸಂಸ್ಥೆಗೆ ಬರೆದು ತಿಳಿಸುತ್ತಾರೆ, ಹೆಸರು ಹೊರಬೀಳುವುದಿಲ್ಲ. ನಮ್ಮ ಊರಿನ ಸಹಕಾರಿ ಸಂಘದಲ್ಲಿ ಅಡಿಕೆಯ ಲೆಕ್ಕಕ್ಕೆ ಎಷ್ಟೊಂದು ಪುಸ್ತಕಗಳಿವೆ. ದೋಟಿ ತಂತಿಗೆ ಗೇಣಿನಲ್ಲಿ ತಪ್ಪಿತು, ಹಗ್ಗ ಜಾರಿತು ಎಂದು ಹೆಸರಿಲ್ಲದೆ ಬರೆದಿಡಲು ಇನ್ನೊಂದು ಇಟ್ಟರೆ ಆ ಸೀಮೆಯ ಅಪಾಯದ ನಕ್ಷೆ ಎರಡು ಮಳೆಗಾಲದಲ್ಲಿ ಸಿದ್ಧವಾಗುತ್ತದೆ. ಮೇ ತಿಂಗಳಲ್ಲಿ, ಮೊದಲ ಔಷಧಿಗೆ ಮುಂಚೆ, ದೋಟಿ ತಂಡದವರು, ಲೈನ್‌ಮನ್, ತೋಟಿಗರು ಒಂದು ಮಧ್ಯಾಹ್ನ ಅದೇ ಸಂಘದ ಜಗುಲಿಯಲ್ಲಿ ಕೂತು, ಯಾವ ತೋಟದ ಮೇಲೆ ಯಾವ ಲೈನು, ಯಾವ ಮಜರೆಗೆ ಯಾವ ಹೊತ್ತು ಬಂದ್ ಎಂದು ಬರೆದುಕೊಳ್ಳಲಿ. ಮೊದಲ ಮಾತು ದೋಟಿ ಹಿಡಿಯುವವನದಾಗಲಿ. ಆ ತೋಟಗಳನ್ನೆಲ್ಲ ಕೆಳಗಿನಿಂದ ನೋಡಿದವನು ಅವನೊಬ್ಬನೇ.

ನಮಸ್ಕಾರ.