ಕುಕಿ ಕೈಕೊಟ್ಟರೆ ಮೊದಲು ಪಟ್ಟಿ ನೋಡಿ

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ಹಗಲಿಡೀ ದುಡಿದು, ರಾತ್ರಿ ಡೊಂಬಿವ್ಲಿಗೋ ಮೀರಾ ರೋಡಿಗೋ ಮನೆ ಸೇರಿ, ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದು ಜಾವಾಸ್ಕ್ರಿಪ್ಟ್ ಕಲಿಯುವ ನಮ್ಮ ಹುಡುಗ ಹುಡುಗಿಯರು ಬಹಳ ಮಂದಿ ಇದ್ದಾರೆ. ಇವತ್ತು ನಾನು ಮಾತಾಡುವುದು ಅವರ ಜೊತೆ. ವಿಷಯ ಬ್ರೌಸರ್ ಕುಕಿ, ಅಂದರೆ ಒಂದು ಸೈಟ್ ನಿಮ್ಮ ಬ್ರೌಸರಿನಲ್ಲಿ ಬರೆದಿಡುವ ಸಣ್ಣ ಚೀಟಿ. ಕುಕಿ ಸೇವ್ ಆಗ್ತಾ ಇಲ್ಲ, ಸೇವ್ ಆದದ್ದು ಕಾಣ್ತಾ ಇಲ್ಲ, ಅಳಿಸಿದ್ರೂ ಹೋಗ್ತಾ ಇಲ್ಲ. ನನ್ನ ಕ್ಲಾಸಿನಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರುಗಳು ಇವು.

ನಾನು ಹೇಳಬೇಕಾದದ್ದು ಒಂದೇ ಮಾತು. ಕೋಡ್ ಮುಟ್ಟುವ ಮೊದಲು ಕುಕಿಯನ್ನು ಕಣ್ಣಾರೆ ನೋಡಿ. ಎಫ್ 12 ಒತ್ತಿ. ಕ್ರೋಮ್‌ನಲ್ಲಿ ಅಪ್ಲಿಕೇಶನ್ ಅಂತ ಒಂದು ಟ್ಯಾಬ್ ಇದೆ, ಫೈರ್‌ಫಾಕ್ಸ್‌ನಲ್ಲಿ ಅದಕ್ಕೆ ಸ್ಟೋರೇಜ್ ಅಂತ ಹೆಸರು. ಎಡಗಡೆ ಕುಕೀಸ್ ಅಂತ ಇರುವ ಕಡೆ ನಿಮ್ಮ ಸೈಟಿನ ವಿಳಾಸ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಒಂದೊಂದು ಕುಕಿಗೆ ಒಂದೊಂದು ಸಾಲು. ಹೆಸರು, ವ್ಯಾಲ್ಯೂ, ಡೊಮೇನ್ ಅಂದರೆ ಯಾವ ಸೈಟಿನದು, ಪಾತ್ ಅಂದರೆ ಸೈಟಿನ ಯಾವ ಫೋಲ್ಡರಿಗೆ, ಯಾವಾಗ ಮುಗಿಯುತ್ತದೆ, ಸೆಕ್ಯೂರ್ ಹೌದೋ ಅಲ್ಲವೋ, ಎಲ್ಲವೂ ಅಲ್ಲೇ ಇದೆ. ಆ ಸಾಲನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿ.

ಇದನ್ನೇ ಯಾಕೆ ಒತ್ತಿ ಹೇಳುತ್ತೇನೆ ಗೊತ್ತಾ? ಕುಕಿ ವಿಷಯದಲ್ಲಿ ಜಾವಾಸ್ಕ್ರಿಪ್ಟ್ ಬಾಯಿ ಬಿಡುವುದಿಲ್ಲ. ನೀವು ಡಾಕ್ಯುಮೆಂಟ್ ಡಾಟ್ ಕುಕಿ ಅಂತ ಬರೆದು ಏನೋ ಕೊಟ್ಟಿರಿ ಅನ್ನಿ. ಬ್ರೌಸರಿಗೆ ಅದು ಹಿಡಿಸದಿದ್ದರೆ ಸುಮ್ನೆ ಬಿಸಾಕುತ್ತದೆ. ನಿಮ್ಮ ಪ್ರೋಗ್ರಾಂ ಮುಂದೆ ಓಡುತ್ತಾ ಇರುತ್ತದೆ, ಏನೂ ಆಗಿಲ್ಲ ಅನ್ನುವ ಹಾಗೆ. ಸರಿ, ಎಫ್ 12 ಒತ್ತಿದಾಗ ಸಿಗುವ ಕನ್ಸೋಲ್‌ನಲ್ಲಿ ಪ್ರಿಂಟ್ ಮಾಡಿ ನೋಡೋಣ ಅಂದರೆ ಅಲ್ಲಿ ಹೆಸರು ಮತ್ತು ವ್ಯಾಲ್ಯೂ ಮಾತ್ರ ಕಾಣುತ್ತದೆ. ಪಾತ್ ಕಾಣುವುದಿಲ್ಲ, ತಾರೀಕು ಕಾಣುವುದಿಲ್ಲ. ತಪ್ಪು ಇರುವುದೇ ಕಾಣದ ಕಡೆ.

ಮಾಟುಂಗಾದ ಕಡೆ ಒಂದು ಸಣ್ಣ ಹೋಟೆಲು. ಮಾಲೀಕರು ಕುಂದಾಪುರದ ಕಡೆಯವರು. ಕಾಲೇಜಿಗೆ ಹೋಗುವ ಮಗಳು ಅಪ್ಪನ ಹೋಟೆಲಿಗೆ ತಾನೇ ಒಂದು ಸೈಟ್ ಮಾಡಿಕೊಟ್ಟಳು. ಕನ್ನಡ, ಮರಾಠಿ, ಇಂಗ್ಲಿಷ್, ಮೂರು ಭಾಷೆಯಲ್ಲೂ ಮೆನು. ಅಕೌಂಟ್ ಅಂತ ಒಂದು ಫೋಲ್ಡರ್, ಅದರೊಳಗೆ ಭಾಷೆ ಆರಿಸುವ ಪುಟ. ಆರಿಸಿದ ಭಾಷೆ ಲ್ಯಾಂಗ್ ಅನ್ನುವ ಕುಕಿಯಲ್ಲಿ ಸೇವ್ ಆಗಬೇಕು. ಅಪ್ಪ ಕನ್ನಡದ ಮೇಲೆ ಒತ್ತಿದರು. ಆ ಪುಟ ತಕ್ಷಣ ಕನ್ನಡಕ್ಕೆ ತಿರುಗಿತು. ಮೆನುವಿಗೆ ಹೋದರೆ ಇಂಗ್ಲಿಷ್. ವಾಪಸ್ ಬಂದರೆ ಕನ್ನಡ. "ಎಂತ ಮಗಾ, ಒಳಗೆ ಕನ್ನಡ, ಹೊರಗೆ ಇಂಗ್ಲಿಷಾ?" ಅಂತ ಅವರು ಕೇಳಿದರಂತೆ.

ಆ ಹುಡುಗಿ ಬುದ್ಧಿವಂತೆ, ಹಟವೂ ಜಾಸ್ತಿ. ಕುಕಿ ಓದುವ ಫಂಕ್ಷನ್ ಹೊಸದಾಗಿ ಬರೆದಳು. ಅದು ಆಗದೆ ಬೇರೆಯವರ ಲೈಬ್ರರಿ ತಂದು ಹಾಕಿದಳು. ಕುಕಿ ಸೇವ್ ಆಗಲು ಸ್ವಲ್ಪ ಹೊತ್ತು ಬೇಕೇನೋ ಅಂತ ಟೈಮರ್ ಇಟ್ಟಳು. ಮುಖಪುಟದಲ್ಲಿ ಕುಕಿ ಅಳಿಸಿದಳು, ಅದು ಮತ್ತೆ ಬಂದು ಕೂತಿತು. ಕೊನೆಗೆ ಕೋಡನ್ನೆಲ್ಲ ಪ್ರಿಂಟ್ ತೆಗೆದುಕೊಂಡು ನನ್ನ ಕ್ಲಾಸಿಗೆ ಬಂದಳು. "ಸರ್, ಕನ್ಸೋಲ್‌ನಲ್ಲಿ ಒಂದೇ ಹೆಸರಿನ ಕುಕಿ ಎರಡೆರಡು ಸಲ ಬರ್ತದೆ, ಬ್ರೌಸರೇ ಹಾಳಾಗಿದೆಯಾ?" ಅಂತ ಕೇಳಿದಳು.

ನಾನು ಹೇಳಿದೆ, "ಅಮ್ಮಾ, ಕೋಡ್ ಆಮೇಲೆ. ಮೊದಲು ಪಟ್ಟಿ ತೋರಿಸು."

ಭಾಷೆ ಆರಿಸುವ ಪುಟದಲ್ಲೇ ನಿಂತು ಅಪ್ಲಿಕೇಶನ್ ಟ್ಯಾಬ್ ತೆರೆದೆವು. ಇದು ಮುಖ್ಯ. ಕುಕಿ ಯಾವ ಪುಟದಲ್ಲಿ ಬರೆದಿರೋ ಆ ಪುಟದಲ್ಲೇ ನಿಂತು ನೋಡಿ, ಇಲ್ಲದಿದ್ದರೆ ಕ್ರೋಮ್ ಅದನ್ನು ತೋರಿಸದೆಯೂ ಇರಬಹುದು. ಪಟ್ಟಿಯಲ್ಲಿ ಲ್ಯಾಂಗ್ ಅನ್ನುವ ಸಾಲು ಎರಡಿತ್ತು. ಒಂದರ ವ್ಯಾಲ್ಯೂ ಕೆಎನ್, ಅಂದರೆ ಕನ್ನಡ, ಇನ್ನೊಂದರದು ಇಎನ್, ಅಂದರೆ ಇಂಗ್ಲಿಷ್. ಬೆರಳಿಟ್ಟು ಬಲಕ್ಕೆ ಸರಿಸು ಅಂದೆ. ಪಾತ್ ಅನ್ನುವ ಕಾಲಮ್ಮಿನಲ್ಲಿ ಬೆರಳು ನಿಂತಿತು. ಇಎನ್ ಎದುರು ಬರೀ ಸ್ಲ್ಯಾಶ್. ಕೆಎನ್ ಎದುರು ಸ್ಲ್ಯಾಶ್ ಅಕೌಂಟ್. "ಓಹ್" ಅಂದಳು. ಅಷ್ಟೇ, ನಾನು ಮತ್ತೇನೂ ಹೇಳಬೇಕಾಗಲಿಲ್ಲ.

ನಿಮಗೆ ಬಿಡಿಸಿ ಹೇಳುತ್ತೇನೆ. ಕುಕಿ ಬರೆಯುವಾಗ ಪಾತ್ ಹೇಳದಿದ್ದರೆ, ನೀವು ನಿಂತಿರುವ ಪುಟದ ಫೋಲ್ಡರ್ ಯಾವುದೋ ಅದೇ ಪಾತ್ ಆಗುತ್ತದೆ. ಡೊಂಬಿವ್ಲಿಯಿಂದ ದಾದರಿಗೆ ತೆಗೆದ ರೈಲು ಪಾಸ್ ಹಿಡಿದು ಬೊರಿವಿಲಿಗೆ ಹೋಗಲು ಬರುತ್ತದಾ? ಪಾಸ್ ಅಸಲಿಯೇ, ಆದರೆ ಆ ದಾರಿಗೆ ಅಲ್ಲ. ಹಾಗೆ ಅವಳ ಕನ್ನಡದ ಕುಕಿ ಅಕೌಂಟ್ ಫೋಲ್ಡರಿನೊಳಗೆ ಮಾತ್ರ ನಡೆಯುತ್ತಿತ್ತು. ಮುಖಪುಟಕ್ಕೆ ಆ ಕುಕಿ ಕಾಣುತ್ತಲೇ ಇರಲಿಲ್ಲ. ಭಾಷೆ ಗೊತ್ತಿಲ್ಲ, ಇಂಗ್ಲಿಷೇ ಇರಲಿ ಅಂತ ಅದು ತನ್ನದೇ ಇನ್ನೊಂದು ಕುಕಿ ಬರೆಯುತ್ತಿತ್ತು. ಅಳಿಸಿದ್ದು ಮತ್ತೆ ಬರುತ್ತಿದ್ದದ್ದು ಹಾಗೆ. ಅಕೌಂಟ್ ಒಳಗೆ ಎರಡೂ ಸಿಗುತ್ತವೆ, ಉದ್ದ ಪಾತ್ ಇರುವುದು ಮೊದಲು ಬರುತ್ತದೆ, ಅದಕ್ಕೇ ಅಲ್ಲಿ ಕನ್ನಡ.

ಪರಿಹಾರ ಒಂದು ತುಂಡು. ವ್ಯಾಲ್ಯೂ ಆದ ಮೇಲೆ ಸೆಮಿಕೋಲನ್ ಹಾಕಿ ಪಾತ್ ಈಕ್ವಲ್ಸ್ ಸ್ಲ್ಯಾಶ್ ಅಂತ ಬರೆಯಿರಿ. ಇಡೀ ಸೈಟಿಗೆ ನಡೆಯುತ್ತದೆ. ಹಳೆಯದನ್ನು ಅಳಿಸುವುದಕ್ಕೂ ಅದರದೇ ಪಾತ್ ಹೇಳಬೇಕು, ಅದರದೇ ಡೊಮೇನ್ ಹೇಳಬೇಕು, ಆಮೇಲೆ ಮ್ಯಾಕ್ಸ್ ಏಜ್, ಅಂದರೆ ಕುಕಿಯ ಆಯಸ್ಸು, ಸೊನ್ನೆ. ಪಾತ್ ಬೇರೆಯಾದರೆ ಕುಕಿಯೂ ಬೇರೆ. ಅವಳು ಸ್ಲ್ಯಾಶ್ ಅಕೌಂಟ್ ಅಂತ ಹೇಳಿ ಅಳಿಸಿದಳು, ಗಿರಾಕಿಗಳ ಫೋನಿನಲ್ಲಿ ಉಳಿದಿರುವುದೂ ಹೋಗಲಿ ಅಂತ ಆ ಸಾಲನ್ನು ಸೈಟಿನಲ್ಲಿ ಕೆಲವು ಕಾಲ ಹಾಗೇ ಬಿಟ್ಟಳು. ಸರಿಯಾದ ಕೆಲಸ.

ಹೋಟೆಲಿನ ಕಥೆ ಉದ್ದವಾಯಿತು, ಸಮಯ ಜಾಸ್ತಿ ಉಳಿದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪಟ್ಟಿಯಲ್ಲಿ ಕುಕಿ ಇದೆ, ಜಾವಾಸ್ಕ್ರಿಪ್ಟಿಗೆ ಮಾತ್ರ ಕಾಣ್ತಾ ಇಲ್ಲ ಅಂದರೆ ಎಚ್‌ಟಿಟಿಪಿ ಓನ್ಲಿ ಕಾಲಮ್ ನೋಡಿ. ಅಲ್ಲಿ ಟಿಕ್ ಇದ್ದರೆ ಅದು ಸರ್ವರಿಗೆ ಮಾತ್ರ. ಲಾಗಿನ್ ಕುಕಿಗೆ ಅದು ಇರಲೇಬೇಕು. ಓದಲು ಆಗ್ತಿಲ್ಲ ಅಂತ ಆ ಟಿಕ್ ತೆಗೆಸಲು ಹೋಗಬೇಡಿ, ದಯವಿಟ್ಟು. ಯಾರೋ ನಿಮ್ಮ ಪುಟಕ್ಕೆ ಕೆಟ್ಟ ಸ್ಕ್ರಿಪ್ಟ್ ತುರುಕಿದರೂ ಲಾಗಿನ್ ಕುಕಿಗೆ ಕೈ ಹಾಕದ ಹಾಗೆ ಕಾಯುವುದು ಅದೇ.

ಪಟ್ಟಿಯೇ ಖಾಲಿಯಾ? ಬ್ರೌಸರಿನ ಮೇಲ್ಗಡೆ ವಿಳಾಸ ಕಾಣುವ ಜಾಗ ನೋಡಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಪುಟ ತೆರೆದಿದ್ದರೆ ಕ್ರೋಮ್ ಕುಕಿ ಇಟ್ಟುಕೊಳ್ಳುವುದಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಒಂದು ಲೋಕಲ್ ಸರ್ವರ್ ಓಡಿಸಿ, ಲೋಕಲ್‌ಹೋಸ್ಟ್‌ನಲ್ಲಿ ನೋಡಿ. ಲೋಕಲ್‌ಹೋಸ್ಟ್ ಅಲ್ಲದ ಕಡೆ, ಸೆಕ್ಯೂರ್ ಅಂತ ಬರೆದು ಸೈಟ್ ಎಚ್‌ಟಿಟಿಪಿಎಸ್ ಇಲ್ಲದಿದ್ದರೂ ಕುಕಿ ಉಳಿಯುವುದಿಲ್ಲ.

ಸೈಟ್ ಒಂದು ಕಡೆ, ಅದಕ್ಕೆ ಮಾಹಿತಿ ಕೊಡುವ ಎಪಿಐ ಇನ್ನೊಂದು ಡೊಮೇನಿನಲ್ಲಿ ಇದ್ದರೆ ಸೇಮ್‌ಸೈಟ್ ಕಾಲಮ್ ನೋಡಿ. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ, ಏನೂ ಬರೆಯದಿದ್ದರೆ ಲ್ಯಾಕ್ಸ್ ಅಂತಲೇ ಲೆಕ್ಕ, ಅಂದರೆ ಬೇರೆ ಸೈಟಿನ ಪುಟ ಫೆಚ್ ಅನ್ನುವ ಫಂಕ್ಷನ್ ಮೂಲಕ ಸರ್ವರನ್ನು ಕೇಳಿದರೆ ಕುಕಿ ಜೊತೆಗೆ ಹೋಗುವುದಿಲ್ಲ. ಆ ತಡೆ ಬೇಡ ಅಂತ ಇಂಗ್ಲಿಷಿನ ನನ್ (None) ಬರೆದರೆ ಸೆಕ್ಯೂರ್ ಕೂಡ ಬರೆಯಲೇಬೇಕು. ಫೆಚ್‌ನಲ್ಲಿ ಕುಕಿಯೂ ಹೋಗಲಿ ಅಂತ ಕ್ರೆಡೆನ್ಷಿಯಲ್ಸ್ ಇನ್‌ಕ್ಲೂಡ್ ಹಾಕಿ. ಸರ್ವರಿನವರು ತಮ್ಮ ಉತ್ತರದಲ್ಲಿ, ಯಾವ ಸೈಟಿಗೆ ಅನುಮತಿ ಅಂತ ಹೇಳುವ ಒರಿಜಿನ್ ಜಾಗದಲ್ಲಿ ಸ್ಟಾರ್ ಹಾಕದೆ ನಿಮ್ಮ ಸೈಟಿನ ವಿಳಾಸವನ್ನೇ ಬರೆಯಬೇಕು. ಕುಕಿಯನ್ನು ಯಾಕೆ ತಳ್ಳಿಹಾಕಿದೆ ಅನ್ನುವುದನ್ನು ನೆಟ್‌ವರ್ಕ್ ಟ್ಯಾಬ್‌ನಲ್ಲಿ ಕ್ರೋಮ್ ತಾನೇ ಹೇಳುತ್ತದೆ. ಅಲ್ಲೂ ಅದೇ ಮಾತು, ಕಣ್ಣಾರೆ ನೋಡಿ.

ಮ್ಯಾಕ್ಸ್ ಏಜ್ ಸೆಕೆಂಡಿನ ಲೆಕ್ಕ, ಮಿಲಿಸೆಕೆಂಡಿನದಲ್ಲ. ಒಂದು ದಿನಕ್ಕೆ 86400. ಐಫೋನಿನ ಸಫಾರಿಯಲ್ಲಿ ಜಾವಾಸ್ಕ್ರಿಪ್ಟ್ ಬರೆದ ಕುಕಿ ಏಳು ದಿನಕ್ಕಿಂತ ಜಾಸ್ತಿ ಬಾಳುವುದಿಲ್ಲ, ನೀವು ವರ್ಷ ಅಂತ ಬರೆದರೂ.

ಕನ್ನಡ ಬರೆಯುವವರಿಗೆ ಇನ್ನೊಂದು. ಕನ್ನಡದ ಮಾತನ್ನು ಹಾಗೇ ಕುಕಿಗೆ ಹಾಕಬೇಡಿ, ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್ ಅನ್ನುವ ಫಂಕ್ಷನ್ ಮೂಲಕ ಹಾಕಿ. ಹಾಗೆ ಹಾಕಿದಾಗ ದೋಸೆ ಅನ್ನುವ ಎರಡಕ್ಷರ 36 ಬೈಟ್ ತಿನ್ನುತ್ತದೆ. ಒಂದು ಕುಕಿಗೆ ಇರುವುದೇ ಸುಮಾರು 4096 ಬೈಟ್. ಮೀರಿದರೆ ಬ್ರೌಸರ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ತಿಂಡಿಯ ಹೆಸರು ಬೇಡ, ಅದರ ನಂಬರ್ ಮಾತ್ರ ಇಡಿ. ಪಟ್ಟಿಯಲ್ಲಿ ಸೈಜ್ ಅಂತ ಒಂದು ಕಾಲಮ್ ಇದೆ, ಎಷ್ಟಾಯಿತು ಅಂತ ಅಲ್ಲೇ ಕಾಣುತ್ತದೆ.

ಇಷ್ಟಾದ ಮೇಲೂ ಸಿಕ್ಕಿಹಾಕಿಕೊಂಡರೆ ಯಾರನ್ನಾದರೂ ಕೇಳಿ. ಕೇಳುವಾಗ ನೂರು ಸಾಲಿನ ಕೋಡ್ ಕಳಿಸಬೇಡಿ, ಆ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿ. ಲಾಗಿನ್ ಕುಕಿಯ ವ್ಯಾಲ್ಯೂ ಮಾತ್ರ ಮುಚ್ಚಿ ಕಳಿಸಿ. ಅದು ಸಿಕ್ಕಿದವರು ಪಾಸ್‌ವರ್ಡ್ ಇಲ್ಲದೆ ನಿಮ್ಮ ಹೆಸರಿನಲ್ಲಿ ಒಳಗೆ ಹೋಗಬಹುದು.

ನಮಸ್ಕಾರ.